ಮಗುವಿನ ಜೊತೆಗೆ ಮನೆಯೂ

ನಾವು ಚಿಕ್ಕವರಿದ್ದಾಗ ಯಾರಾದರೂ ಸ್ವಲ್ಪ ವಿಚಿತ್ರವಾಗಿ ಆಡಿದರೆ "ಇವನನ್ನು ಬೆಂಗಳೂರಿಗೆ ಕಳಿಸಬೇಕು" ಎನ್ನುತ್ತಿದ್ದರು. ಬೆಂಗಳೂರಿನಲ್ಲಿ ಎಲ್ಲಿಗೆ ಎಂದು ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ಹೊಸೂರು ರಸ್ತೆಯ ಮಾನಸಿಕ ಆಸ್ಪತ್ರೆಯೂ 1954ರಲ್ಲಿ ಅಲ್ಲಿ ಶುರುವಾಗಿದ್ದ ಅಖಿಲ ಭಾರತ ಸಂಸ್ಥೆಯೂ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆದವು. ಜನರ ಬಾಯಲ್ಲಿ ಮಾತ್ರ ಅದು ಹುಚ್ಚಾಸ್ಪತ್ರೆಯೇ. ಅಲ್ಲಿಗೆ ಮಗುವನ್ನು ಯಾವ ತಾಯಿ ಕರೆದೊಯ್ದಾಳು? ಹೆಣ್ಣುಮಗುವಾದರಂತೂ ಮುಂದೆ ಮದುವೆಯ ಪ್ರಶ್ನೆ ಬೇರೆ.

ಮಕ್ಕಳ ಮನಸ್ಸಿಗೂ ಆರೈಕೆ ಬೇಕೆಂಬ ವಿಚಾರ ನಮ್ಮ ದೇಶಕ್ಕೆ ಹೊಸದೇನಲ್ಲ. ಮುಂಬಯಿಯ ಟಾಟಾ ಸಮಾಜಕಾರ್ಯ ಶಾಲೆಯಲ್ಲಿ 1937ರಲ್ಲೇ ಮಕ್ಕಳ ಮಾರ್ಗದರ್ಶನ ಕೇಂದ್ರವೊಂದು ತೆರೆದಿತ್ತು. ಆದರೆ ನನಗೆ ಹೆಚ್ಚು ಇಷ್ಟವಾಗುವುದು ಅಮೃತಸರದ ಕಥೆ. 1950ರ ದಶಕದಲ್ಲಿ ಡಾ. ವಿದ್ಯಾಸಾಗರ್ ಎಂಬ ವೈದ್ಯರು ಅಲ್ಲಿನ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿಸಿ, ರೋಗಿಗಳ ಮನೆಯವರನ್ನೂ ಅಲ್ಲಿಯೇ ಉಳಿಸಿಕೊಂಡರು. ಬಾಣಂತನಕ್ಕೂ ಕಾಯಿಲೆಗೂ ಜೊತೆಗೊಬ್ಬರು ಇರಲೇಬೇಕೆನ್ನುವ ನಮ್ಮ ಹೆಂಗಸರಿಗೆ ಇದು ಸಹಜವಾಗಿಯೇ ತೋರೀತು. ದೊಡ್ಡ ಡಾಕ್ಟರುಗಳಿಗೆ ಹೊಳೆಯಲು ಇಷ್ಟು ದಿನ ಬೇಕಾಯಿತು, ಅಷ್ಟೆ! ನಿಮ್ಹಾನ್ಸ್‌ನ ಮಕ್ಕಳ ವಾರ್ಡಿನಲ್ಲೂ ಮಗುವಿನೊಡನೆ ಹೆತ್ತವರು ಉಳಿಯುವ ಪದ್ಧತಿ ಬಂತು.

ಆಸ್ಪತ್ರೆಯೇ ಹಳ್ಳಿಗೆ ಹೋಗಲಿ ಎಂಬುದು ಮುಂದಿನ ಹೆಜ್ಜೆ. 1975ರಲ್ಲಿ ನಿಮ್ಹಾನ್ಸ್ ಅದಕ್ಕೆಂದೇ ಒಂದು ವಿಭಾಗ ತೆರೆದು, ಬೆಂಗಳೂರಿನ ಹೊರಗೆ ಸಕಲವಾರದಲ್ಲಿ ಕೆಲಸ ಶುರುಮಾಡಿತು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. ಚಿತ್ತವಿಕಲತೆಯ ಜೊತೆಗೆ ಬುದ್ಧಿಮಾಂದ್ಯ, ಮೂರ್ಛೆರೋಗಗಳೂ ಆ ಪಟ್ಟಿಯಲ್ಲಿದ್ದವು. ಬಳ್ಳಾರಿಯನ್ನು ಮಾದರಿಯಾಗಿಟ್ಟುಕೊಂಡೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿತು. ಬಳ್ಳಾರಿ ಎಂದರೆ ಗಣಿ, ಬಿಸಿಲು ಎಂದಷ್ಟೇ ಪಾಠ ಮಾಡುವ ನಾವು ಇದನ್ನೂ ಒಂದು ಸಾಲು ಹೇಳಬಹುದಲ್ಲವೇ?

ಮೂರ್ಛೆರೋಗವೆಂದೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಆರನೇ ತರಗತಿಯ ಹುಡುಗಿಯೊಬ್ಬಳಿಗೆ ಪ್ರಾರ್ಥನೆಯ ಹೊತ್ತಿಗೆ ಫಿಟ್ಸ್ ಬರುತ್ತಿತ್ತು. ಬಿದ್ದ ಕೂಡಲೇ ಯಾರೋ ಓಡಿಬಂದು ಅವಳ ಕೈಗೆ ಬೀಗದ ಕೈ ಗೊಂಚಲು ತುರುಕುತ್ತಿದ್ದರು. ಉಳಿದ ಮಕ್ಕಳು ಅವಳ ಪಕ್ಕ ಕೂರುವುದನ್ನು ಬಿಟ್ಟರು. ಟಿ.ಸಿ. ಕೊಟ್ಟು ಕಳಿಸಿಬಿಡೋಣವೆಂಬ ಮಾತು ಸ್ಟಾಫ್ ರೂಮಿನಲ್ಲಿ ನಡೆದೇ ಇತ್ತು. ತಾಯಿಗೆ ಅತ್ತೆಯಿಂದ "ನಿಮ್ಮ ತವರಿನ ಪೀಡೆ" ಎಂಬ ಬೈಗುಳ ಬೇರೆ. ಪುಣ್ಯಕ್ಕೆ ಊರಿನ ಆರೋಗ್ಯ ಕೇಂದ್ರದ ವೈದ್ಯರು ಅತ್ತೆ-ಸೊಸೆ ಇಬ್ಬರನ್ನೂ ಕೂರಿಸಿಕೊಂಡು, ಇದು ಮಿದುಳಿನ ಕಾಯಿಲೆ, ಯಾರ ತಪ್ಪೂ ಅಲ್ಲ, ಮಾತ್ರೆಯನ್ನು ಒಂದು ದಿನವೂ ತಪ್ಪಿಸಬೇಡಿ ಎಂದು ಬಿಡಿಸಿ ಹೇಳಿದರು. ಆಮೇಲೆ ದಿನಾ ರಾತ್ರಿ ಮಾತ್ರೆ ನುಂಗಿಸುವ ಕೆಲಸ ಆ ಅಜ್ಜಿಯೇ ವಹಿಸಿಕೊಂಡರು. ಹುಡುಗಿ ಏಳನೇ ತರಗತಿ ಪಾಸಾದಳು.

ಶಾಲೆಯೇ ಇದಕ್ಕೆ ಸರಿಯಾದ ಜಾಗವೆಂದು ನಿಮ್ಹಾನ್ಸ್‌ನ ಡಾ. ಮಾಲವಿಕಾ ಕಪೂರ್ ಶಿಕ್ಷಕರಿಗೆ ತರಬೇತಿ ಕೊಡುತ್ತ ಬಂದರು. ನಮ್ಮ ಬಿ.ಎಡ್.ನಲ್ಲಿ ಮನೋವಿಜ್ಞಾನವಿತ್ತು ನಿಜ; ಪಾವ್ಲೋವನ ನಾಯಿಯನ್ನು ಬಲ್ಲ ನಮಗೆ, ಮೂರು ವಾರದಿಂದ ಮಾತಾಡದ ಮಗುವಿನ ತಾಯಿಯೊಡನೆ ಹೇಗೆ ಮಾತು ಶುರುಮಾಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

2022ರ ಅಕ್ಟೋಬರ್‌ನಲ್ಲಿ ಟೆಲಿ ಮಾನಸ್ ದೂರವಾಣಿ ಸೇವೆ ಬಂದಾಗ 14416 ಎಂಬ ಅದರ ಸಂಖ್ಯೆಯನ್ನು ಬಿಸಿಯೂಟದ ಕೋಣೆಯ ಪಕ್ಕದ ಹಲಗೆಯ ಮೇಲೆ ಬರೆದೆ. ಅಡುಗೆಯ ಗಂಗಮ್ಮ ಸೌಟು ಹಿಡಿದೇ ಬಂದು ಕೇಳಿದರು: "ಟೀಚರ್, ಫೋನಿಗೆ ದುಡ್ಡು ಬೀಳ್ತದಾ? ನಮ್ಮ ಮಾತಲ್ಲೇ ಮಾತಾಡ್ತಾರಾ?" ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ ಎಂದೆ. ಅವರು ಮೊಮ್ಮಗನನ್ನು ಕರೆದು ಸಂಖ್ಯೆಯನ್ನು ಅಂಗೈ ಮೇಲೆ ಬರೆಸಿಕೊಂಡರು.