ಬೆಟ್ಟದ ರಕ್ತ, ಬೆಟ್ಟದವರ ಪ್ರಶ್ನೆ

1952ರಲ್ಲಿ ಹರ್ಮನ್ ಲೇಮನ್ ಮತ್ತು ಮರೀ ಕಟ್‌ಬುಷ್ ಎಂಬಿಬ್ಬರು ನೀಲಗಿರಿಯ ಬುಡಕಟ್ಟು ಜನರ ರಕ್ತ ಪರೀಕ್ಷಿಸಿ, ಅದರಲ್ಲಿ ವಂಶವಾಹಿಯಿಂದ ಬರುವ ರಕ್ತದ ಕಾಯಿಲೆಯಾದ ಸಿಕಲ್ ಸೆಲ್‌ನ ಲಕ್ಷಣ ಕಂಡದ್ದನ್ನು ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಭಾರತದಲ್ಲಿ ಈ ಕಾಯಿಲೆಯ ಕಥೆ ಅಲ್ಲಿಂದ ಶುರು. ರಕ್ತ ಕೊಟ್ಟವರ ಹೆಸರು ಮಾತ್ರ ನಮಗೆ ಗೊತ್ತಿಲ್ಲ.

ಬಿಳಿಗಿರಿರಂಗನ ಬೆಟ್ಟದ ಸೋಲಿಗ ಬುಡಕಟ್ಟಿನವರಲ್ಲೂ ಈ ಕಾಯಿಲೆ ಇದೆ. 1981ರಲ್ಲಿ ಡಾ. ಎಚ್. ಸುದರ್ಶನ್ ಅಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. ಆಸ್ಪತ್ರೆ, ಶಾಲೆ ಬಂದವು. ಮುಂದೆ ಬುಡಕಟ್ಟಿನ ಹೆಣ್ಣುಮಕ್ಕಳಿಗೇ ದಾದಿಯರ ತರಬೇತಿಯೂ ಸಿಕ್ಕಿತು. ರಕ್ತ ತೆಗೆಯುವ ಕೈ ಪೋಡಿನದೇ, ಅಂದರೆ ಸೋಲಿಗರ ಹಾಡಿಯದೇ, ಆಗುವುದು ಸಣ್ಣ ಸಂಗತಿಯಲ್ಲ.

ಆದರೆ ಆ ರಕ್ತದಲ್ಲಿ ಏನನ್ನು ಹುಡುಕಬೇಕೆಂದು ಹೇಳುವವರು ಯಾರು? ಕಾಡಿನ ವಿಷಯದಲ್ಲಿ ಸೋಲಿಗರು ಇದಕ್ಕೆ ಉತ್ತರ ಕೊಟ್ಟಾಗಿದೆ. 1974ರಲ್ಲಿ ಅಭಯಾರಣ್ಯ ಘೋಷಣೆಯಾಗಿ ಒಣ ಎಲೆಗೆ ಹಾಕುತ್ತಿದ್ದ ತರಗು ಬೆಂಕಿ ನಿಂತ ಮೇಲೆ ಲಂಟಾನ ಕಳೆ ಹಬ್ಬಿತು, ನೆಲ್ಲಿಮರಕ್ಕೆ ಉಪ್ಪಿಲು ಬಂದಳಿಕೆ ಅಡರಿತು ಎಂದು ಅವರು ಹೇಳುತ್ತ ಬಂದರು. ಆ ಮಾತು ಈಗ ಸಂಶೋಧನಾ ಪ್ರಬಂಧಗಳಲ್ಲಿದೆ. ಸೋಲಿಗರೇ ಆದ ಡಾ. ಸಿ. ಮಾದೇಗೌಡ ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರಾದರು. 2011ರಲ್ಲಿ, ಹುಲಿ ಮೀಸಲು ಪ್ರದೇಶವಾದ ಅದೇ ಕಾಡಿನೊಳಗೆ ಸಮುದಾಯದ ಅರಣ್ಯ ಹಕ್ಕುಗಳಿಗೆ ಮಾನ್ಯತೆ ಸಿಕ್ಕಿತು.

ವಂಶವಾಹಿಯ ಅಧ್ಯಯನ ಇನ್ನೂ ಆ ಹಂತಕ್ಕೆ ಬರಬೇಕು. ಅಮೆರಿಕದಲ್ಲಿ ಅದಕ್ಕೆ ಕೋರ್ಟಿನ ದಾರಿ ಹಿಡಿಯಬೇಕಾಯಿತು. 1990ರಲ್ಲಿ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದವರು ಸಕ್ಕರೆ ಕಾಯಿಲೆಯ ಅಧ್ಯಯನವೆಂದು ಹವಸುಪಾಯಿ ಎಂಬ ಮೂಲನಿವಾಸಿ ಜನರ ರಕ್ತ ಪಡೆದರು. ಅದನ್ನೇ ಮನೋರೋಗ, ವಲಸೆಯ ಸಂಶೋಧನೆಗೂ ಬಳಸಿದ್ದು ಬಯಲಾಯಿತು. 2010ರ ರಾಜಿಯಲ್ಲಿ 7 ಲಕ್ಷ ಡಾಲರ್ ಪರಿಹಾರದ ಜೊತೆಗೆ ಉಳಿದಿದ್ದ ರಕ್ತವೂ ವಾಪಸಾಯಿತು. ಮರುವರ್ಷ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ‘ಸಿಂಗ್’ ಶಿಬಿರ ಆರಂಭವಾಯಿತು. ಮೂಲನಿವಾಸಿ ಯುವಕ ಯುವತಿಯರು ಅಲ್ಲಿ ಡಿಎನ್‌ಎ ಪ್ರಯೋಗವನ್ನೂ ಒಪ್ಪಿಗೆಯ ನೀತಿಯನ್ನೂ ಒಟ್ಟಿಗೇ ಕಲಿಯುತ್ತಾರೆ. ನ್ಯೂಜಿಲೆಂಡ್, ಕೆನಡಾದಲ್ಲೂ ಅದು ಬೇರುಬಿಟ್ಟಿದೆ.

ನಮ್ಮಲ್ಲಿ 2023ರ ಜುಲೈನಲ್ಲಿ ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ ಅಭಿಯಾನದ ಗುರಿ 7 ಕೋಟಿ ಜನರ ತಪಾಸಣೆ. ಫಲಿತಾಂಶದ ಕಾರ್ಡು ಮದುವೆ ಮಾತುಕತೆಗೂ ಬರುತ್ತದೆ. ಗಂಡು ಹೆಣ್ಣು ಇಬ್ಬರೂ ಕಾಯಿಲೆಯ ವಂಶವಾಹಿಯ ವಾಹಕರಾದರೆ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಸೋಲಿಗರಲ್ಲಿ ಒಂದೇ ಕುಲದೊಳಗೆ ಸಂಬಂಧ ಬೆಳೆಸುವಂತಿಲ್ಲ. ಕುಲ ನೋಡುವ ಹಿರಿಯರ ಮುಂದೆ ಈ ಕಾರ್ಡು ಇಟ್ಟು, ವಾಹಕಿಯೆಂದರೆ ರೋಗಿಯಲ್ಲ, ಹುಡುಗಿಯನ್ನು ಬಿಡಬೇಡಿ ಎಂದು ಒಪ್ಪಿಸುವ ಕೆಲಸ ಹೊರಗಿನ ತಂಡಕ್ಕಿಂತ ಪೋಡಿನಲ್ಲೇ ಹುಟ್ಟಿ ಬೆಳೆದ ದಾದಿಗೆ ಹೆಚ್ಚು ಒಗ್ಗುತ್ತದೆ.