ತೆರೆದ ಕಪಾಟು

ಹಳೇ ದೆಹಲಿಯ ರೈಲು ನಿಲ್ದಾಣದ ಎದುರಿಗಿರುವ ದೆಹಲಿ ಸಾರ್ವಜನಿಕ ಗ್ರಂಥಾಲಯದ ಚರಿತ್ರೆಯನ್ನು ಇಲ್ಲಿ ನೆಲೆಸಿರುವ ನಾವು ಅರಿತಿರಬೇಕು. ಯುನೆಸ್ಕೋ ಹಾಗೂ ಭಾರತ ಸರ್ಕಾರ ಕೂಡಿ ಸ್ಥಾಪಿಸಿದ ಇದನ್ನು 1951ರ ಅಕ್ಟೋಬರ್ 27ರಂದು ಪ್ರಧಾನಿ ನೆಹರೂ ಅವರು ಉದ್ಘಾಟಿಸಿದರು. ಪುಸ್ತಕಗಳನ್ನು ಬೀಗದೊಳಗಿಟ್ಟು ಕಾಯುವುದೇ ಅನೇಕ ಕಡೆ ರೂಢಿಯಾಗಿದ್ದ ಕಾಲವದು. ಇಲ್ಲಿಯಾದರೋ ಕಪಾಟುಗಳನ್ನು ತೆರೆದಿಟ್ಟರು. ಮಕ್ಕಳಿಗೆಂದೇ ಪ್ರತ್ಯೇಕ ವಿಭಾಗ ತೆರೆದು ಕಥೆ ಹೇಳಿಸಿದರು, ನಾಟಕ ಆಡಿಸಿದರು. ಓದುವ ಚಟ ಹತ್ತಬೇಕಾದರೆ ಮಗುವಿನ ಕೈ ಪುಸ್ತಕವನ್ನು ಮುಟ್ಟಬೇಕೆಂಬುದೇ ಅದರ ತತ್ತ್ವ.

ನಮ್ಮ ಮಕ್ಕಳಿಗೆ ಕನ್ನಡ ಮಾತು ಬರುತ್ತದೆ, ಓದು ಬಾರದು. ಆದರೂ ನಮ್ಮ ಸಂಘದ ಕಪಾಟಿಗೆ ಬೀಗ! ಭಾನುವಾರ ಒಂದು ಗಂಟೆ ಅದನ್ನು ತೆರೆದಿಟ್ಟು, ಹಿರಿಯರೊಬ್ಬರು ಕಥೆ ಓದಿ ಹೇಳಲಿ. ಹರಿದ ಪುಸ್ತಕವನ್ನು ಅಂಟಿಸಬಹುದು. ಕಳೆದ ಬಾಲ್ಯ ತಿರುಗಿ ಬಾರದು.