ಜಾವಾದ ನೆಗ್ಗಿದ ಟ್ಯಾಂಕು

ಘಾಟ್ಕೋಪರಿನ ಎಲ್‌ಬಿಎಸ್ ರಸ್ತೆ ಹಿಂದೆ ಆಗ್ರಾ ರೋಡ್. ಅದರ ಆಚೀಚಿನ ಗಲ್ಲಿಯ ಗ್ಯಾರೇಜಿಗೆ ಹಳೆಯ ಜಾವಾ ಬಂದು ನಿಂತರೆ, ಒಂದು ಲೆಕ್ಕದಲ್ಲಿ ಅದು ಹಳೆಯ ಊರಿಗೆ ಮರಳಿದಂತೆಯೇ. 1950ರ ದಶಕದಲ್ಲಿ ಜೆಕೊಸ್ಲೊವಾಕಿಯಾದಿಂದ ಈ ಬೈಕನ್ನು ತರಿಸಿ ಮಾರುತ್ತಿದ್ದುದು ಮುಂಬೈನ ಇರಾನಿ ಕಂಪನಿ. ಆಮದಿಗೆ ತಡೆ ಬಿದ್ದ ಮೇಲೆ ರುಸ್ತುಂ ಮತ್ತು ಫರೋಖ್ ಇರಾನಿ ಮೈಸೂರಿಗೆ ಹೋಗಿ 1960ರಲ್ಲಿ ಐಡಿಯಲ್ ಜಾವಾ ಕಟ್ಟಿದರು. 1973ರಿಂದ ಬೈಕಿನ ಹೆಸರು ಯೆಜ್ಡಿ. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆ ಕಾಲದ್ದೇ ಟ್ಯಾಂಕು ಬೇಕೆಂದರೆ ಈಗ ಇರುವುದನ್ನೇ ಸರಿಮಾಡಿಸಬೇಕು.

ತೊಡಕು ಇರುವುದು ಆ ಟ್ಯಾಂಕಿನ ಅಂದದಲ್ಲೇ. ಹಳೆಯ ಜಾವಾ ಟ್ಯಾಂಕಿಗೆ ಮರೂನ್ ಬಣ್ಣ, ಎರಡು ಮಗ್ಗುಲಿಗೂ ಕ್ರೋಮ್. ಬಣ್ಣದ ಭಾಗ ನೆಗ್ಗಿದರೆ ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಹೊಡೆದರಾಯಿತು. ಪುಟ್ಟಿಯಲ್ಲಿ ವಿದ್ಯುತ್ ಹರಿಯದು, ಹಾಗಾಗಿ ಅದರ ಮೇಲೆ ಕ್ರೋಮ್ ಕೂರದು. ಅಲ್ಲಿ ತಗಡನ್ನೇ ಎತ್ತಬೇಕು. ತಂಬಿಗೆ ನೆಗ್ಗಿದರೆ ಒಳಗಿನಿಂದ ಬಡಿಯಬಹುದು. ಟ್ಯಾಂಕಿನ ಬಾಯಿ ಕಿರಿದು, ನಡುವೆ ಚಾಸಿಯ ಮೇಲೆ ಕೂರುವ ಕಮಾನು ಬೇರೆ. ಆದ್ದರಿಂದ ಹೊರಮೈಗೆ ಸರಳು ಬೆಸೆದು ಎಳೆಯುತ್ತಾರೆ, ಇಲ್ಲವೇ ತಳ ಕತ್ತರಿಸಿ ಬಡಿದು ಮತ್ತೆ ವೆಲ್ಡ್ ಮಾಡುತ್ತಾರೆ. ಪುಟ್ಟಿ ಬರುವ ಮುಂಚೆ ಸೀಸ-ತವರ ಕರಗಿಸಿ ತಗ್ಗು ತುಂಬುತ್ತಿದ್ದರು. ಯಾವುದಕ್ಕೂ ಬೆಂಕಿಯೋ ಕಿಡಿಯೋ ಬೇಕೇ ಬೇಕು.

ಪೆಟ್ರೋಲ್ ಸುರಿದು, ನಾಲ್ಕು ದಿನ ಬಿಸಿಲಿಗಿಟ್ಟು, ಖಾಲಿಯಾಯಿತು ಎಂದುಕೊಳ್ಳುವುದರಲ್ಲೇ ಅನಾಹುತ ಅಡಗಿದೆ. ಬೆಂಕಿಯ ಮಟ್ಟಿಗೆ ಖಾಲಿ ಟ್ಯಾಂಕನ್ನು ತುಂಬಿದ್ದಕ್ಕಿಂತ ಹೆಚ್ಚು ಅಂಜಬೇಕು. ಗಾಳಿಯಲ್ಲಿ ಪೆಟ್ರೋಲ್ ಆವಿ ಸುಮಾರು ಶೇ. 1.4ರಿಂದ 7.6ರಷ್ಟಿದ್ದರೆ ಕಿಡಿಗೆ ಸಿಡಿಯುತ್ತದೆ. ತುಂಬಿದ ಟ್ಯಾಂಕಿನೊಳಗೆ ಆವಿ ಸಾಮಾನ್ಯವಾಗಿ ಅದಕ್ಕಿಂತ ದಟ್ಟ. ಖಾಲಿಯಲ್ಲಿ ಗಾಳಿ ಸೇರಿ ಸರಿಯಾಗಿ ಆ ಪ್ರಮಾಣಕ್ಕೆ ಇಳಿಯಬಹುದು. ಗಾಳಿಗಿಂತ ಭಾರವಾದ ಆವಿ ತಾನಾಗಿ ಮೇಲೇರಿ ಹೋಗುವುದೂ ಇಲ್ಲ. ಜಾವಾ ಟೂ-ಸ್ಟ್ರೋಕ್ ಬೇರೆ, ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡಿಸಿದ ಗಾಡಿ. ದಶಕಗಳ ಜಿಡ್ಡು ತಳದ ಸಂದಿನಲ್ಲಿ ಪೆಟ್ರೋಲನ್ನು ಹಿಡಿದಿಟ್ಟಿರುತ್ತದೆ, ಬಿಸಿ ತಗುಲಿದ ಕ್ಷಣ ಆವಿ ಬಿಡುತ್ತದೆ. ಬರೀ ನೀರಿಗೆ ಅದು ಹೋಗದು.

ಬಲ್ಲವರು ಮುಚ್ಚಳ, ಪೆಟ್ರೋಲ್ ಕಾಕ್ ಬಿಚ್ಚಿ, ಬಿಸಿನೀರು ಮತ್ತು ಡಿಟರ್ಜೆಂಟಿನಲ್ಲಿ ಮತ್ತೆ ಮತ್ತೆ ಕುಲುಕಿ ತೊಳೆಯುತ್ತಾರೆ. ಆಮೇಲೆ ನೆಗ್ಗಿದ ಭಾಗ ಮೇಲೆ ಬರುವಂತೆ ವಾಲಿಸಿ, ಅದರ ತುಸು ಕೆಳಗಿನವರೆಗೂ ನೀರು ತುಂಬುತ್ತಾರೆ. ಆವಿಗೆ ಜಾಗವೇ ಉಳಿಯಬಾರದು, ಒಳಗಿನ ಗಾಳಿ ಹೊರಹೋಗಲು ದಾರಿ ಮಾತ್ರ ತೆರೆದಿರಬೇಕು. ವೆಲ್ಡಿಂಗ್ ಅಂಗಡಿಯ ಆರ್ಗಾನ್ ಗ್ಯಾಸ್ ಹಾಯಿಸುವುದು ಇನ್ನೊಂದು ದಾರಿ. ಇಷ್ಟಾದರೂ ಇದು ಕಸುಬು ಬಲ್ಲವರ ಕೆಲಸ, ಮನೆಯಂಗಳದ್ದಲ್ಲ.

ಕಂಪ್ರೆಸರಿನಿಂದ ಗಾಳಿ ತುಂಬಿ ನೆಗ್ಗು ಉಬ್ಬಿಸುವ ಉಪಾಯ ಬೆಂಕಿಯಿಲ್ಲದ್ದು ಎಂದು ಸುಲಭವಾಗಿ ಕಾಣುತ್ತದೆ. ಲೆಕ್ಕ ಹಾಕಿದರೆ, 30 ಸೆಂ.ಮೀ. ಉದ್ದ 20 ಸೆಂ.ಮೀ. ಅಗಲದ ಮಗ್ಗುಲಿನ ಮೇಲೆ ಕೇವಲ 1 ಬಾರ್ ಒತ್ತಡವೆಂದರೆ 600 ಕೆ.ಜಿ. ಭಾರ. ಆ ತೆಳು ತಗಡಿನ ಬೆಸುಗೆ ಅದಕ್ಕಾಗಿ ಮಾಡಿದ್ದಲ್ಲ. ಹಳೆಯ ಸೀಸದ ತೇಪೆಯನ್ನು ಗ್ರೈಂಡರಿಗೆ ಕೊಟ್ಟರೆ ವಿಷದ ಧೂಳು. 2000ದವರೆಗೂ ದೇಶದಲ್ಲಿ ಸೀಸ ಬೆರೆತ ಪೆಟ್ರೋಲ್ ಮಾರಾಟವಿದ್ದುದರಿಂದ ಒಳಗಿನ ಮಡ್ಡಿಯನ್ನೂ ಬರಿಗೈಯಲ್ಲಿ ಮುಟ್ಟುವಂತಿಲ್ಲ.

ಸಣ್ಣ ನೆಗ್ಗಾದರೆ ಬಾಯಿಯಿಂದ ಬಾಗಿದ ಸರಳು ತೂರಿಸಿ ಒತ್ತುವವರಿದ್ದಾರೆ. ಮೈಸೂರಿನಲ್ಲಿ ಹಾಕಿದ ಕ್ರೋಮ್ ಇನ್ನೂ ಹೊಳೆಯುತ್ತಿದ್ದರೆ ಅದನ್ನೂ ಮಾಡದಿರುವುದೇ ಲೇಸು: ಬಿಸಿ ತಾಗಿದರೆ ಕ್ರೋಮ್ ನೀಲಿಗಟ್ಟುತ್ತದೆ, ಮತ್ತೆ ಹಾಕಿಸಲು ಹಳೆಯದನ್ನೆಲ್ಲ ಕಿತ್ತು ತೆಗೆಯಬೇಕಾಗುತ್ತದೆ.